ಚಿಲ್ಲರೆ ಧೈರ್ಯ

ಒನಕೆ ಓಬವ್ವನ ಕಥೆ ಕೇಳಿದಾಗಲೆಲ್ಲ ನನಗೆ ಅನ್ನಿಸುವುದು ಒಂದೇ. ಯೋಚನೆ ಮಾಡೋಕೆ ಆಕೆಗೆ ಪುರುಸೊತ್ತೇ ಇರಲಿಲ್ಲ. ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ, ನೀರು ತರಲು ಹೋದರೆ ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುತ್ತಿದ್ದಾರೆ, ಕೈಗೆ ಸಿಕ್ಕಿದ್ದು ಒನಕೆ. ನೋಡಿದವರು ಏನಂದುಕೊಳ್ಳುತ್ತಾರೋ ಅಂತ ಒಂದು ಗಳಿಗೆ ಹಿಂಜರಿದಿದ್ದರೂ ಕಥೆ ಮುಗೀತಿತ್ತು.

ನಮ್ಮ ಕಷ್ಟ ಬೇರೆ. ಹಿಂಜರಿಯಲು ಬೇಕಾದಷ್ಟು ಟೈಮ್ ಇರುತ್ತೆ.

ಬಸ್ಸಿನ ಚಿಲ್ಲರೆಯನ್ನೇ ತಗೊಳ್ಳಿ. ನೂರರ ನೋಟು ಕೊಟ್ಟರೆ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಗೀಚಿ 'ಇಳಿಯುವಾಗ ತಗೊಳ್ಳಿ' ಅಂತ ಮುಂದೆ ಹೋಗುತ್ತಾರೆ. ಅಲ್ಲಿಂದ ಶುರು. ಸ್ಟಾಪ್ ಹತ್ತಿರ ಬರುತ್ತಿದೆ, ಅವರು ಮುಂಬಾಗಿಲಲ್ಲಿ, ನಾನು ಹಿಂಬಾಗಿಲಲ್ಲಿ, ನಡುವೆ ಬಸ್ಸು ತುಂಬ ಜನ, ಎಲ್ಲರೆದುರು 'ಚಿಲ್ಲರೆ!' ಅಂತ ಕೂಗಬೇಕು. ಜುಜುಬಿ ದುಡ್ಡಿಗೆ ಬಾಯಿ ಬಡ್ಕೋತಾನೆ ಅಂದ್ಕೊಂಡ್ರೆ? ಟಿಕೆಟ್ ಮುದುಡಿ ಜೇಬಿಗೆ ಹಾಕಿ ಸುಮ್ನೆ ಇಳಿದುಬಿಡುತ್ತೇವೆ. (2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ಪರೀಕ್ಷೆ ಹೆಚ್ಚಾಗಿ ಗಂಡಸರಿಗೇ ಉಳಿದಿದೆ, ಸ್ಕ್ಯಾನ್ ಮಾಡಿ ದುಡ್ಡು ಕೊಡುವವರು ಅದರಿಂದಲೂ ಪಾರು.)

ಸಾಹಸ ಮಾಡಿದ ಮಕ್ಕಳಿಗೆ ಸರ್ಕಾರ ಹೊಯ್ಸಳ, ಕೆಳದಿ ಚೆನ್ನಮ್ಮ ಪ್ರಶಸ್ತಿ ಕೊಡುತ್ತದೆ. ಕೊಡಲೇಬೇಕು. ಆದರೆ ಹೊರಗೆ ಅಷ್ಟುದ್ದ ಸಾಲು ಇದ್ದರೂ ಡಾಕ್ಟರಿಗೆ 'ನೀವು ಹೇಳಿದ್ದು ಗೊತ್ತಾಗಲಿಲ್ಲ, ಇನ್ನೊಂದ್ಸಲ ಹೇಳಿ' ಅನ್ನುವವರಿಗೆ ಏನು ಕೊಡೋಣ? ನಮ್ಮ ಬೀದಿಯಲ್ಲಿ ಒಬ್ಬರು, ಮೊಮ್ಮಗು ಹುಟ್ಟಿದ ಮೇಲೆ ಸ್ಕೂಟರ್ ಕಲಿಯಲು ಹೊರಟರು. ಬೆಳಗ್ಗೆ ಮೈದಾನದಲ್ಲಿ ಕ್ರಿಕೆಟ್ ಆಡುವ ಹುಡುಗರು ಆಟ ನಿಲ್ಲಿಸಿ 'ಆಂಟೀ, ಬ್ರೇಕ್, ಬ್ರೇಕ್!' ಅಂತ ಕಿರುಚುತ್ತಾರೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲು ಎರಡೂ ಕಡೆ ಎಳೆಯುತ್ತಾ, ಇನ್ನೊಂದು ಸುತ್ತು ಹಾಕುತ್ತಾರೆ. ಬೀಳುವ ಭಯಕ್ಕಿಂತ ನಗಿಸಿಕೊಳ್ಳುವ ಭಯ ಜಾಸ್ತಿ ಅಲ್ವಾ, ಅದನ್ನೇ ದಾಟಿದ್ದಾರೆ.

ಇನ್ನು ಕೆಲವರಿಗೆ ತಮಗಾಗಿ ಕೇಳಲು ನಾಚಿಕೆ, ಬೇರೆಯವರ ಪರ ಕೇಳಲು ಎಲ್ಲಿಲ್ಲದ ಉತ್ಸಾಹ. ಮೊನ್ನೆ ಬಸ್ಸಿನಲ್ಲಿ ಪಕ್ಕ ನಿಂತಿದ್ದ ಅಜ್ಜಿ, ಕೈಯಲ್ಲಿ ಫ್ರೀ ಟಿಕೆಟ್ಟು, ನಾನು ನನ್ನ ಟಿಕೆಟ್ಟಿನ ಹಿಂಬದಿ ತಿರುತಿರುಗಿಸಿ ನೋಡುವುದನ್ನು ಗಮನಿಸಿದ್ದಾರೆ. ಸ್ಟಾಪ್ ಬರುತ್ತಲೇ 'ಏ ಕಂಡಕ್ಟ್ರೇ, ಈ ಹುಡುಗಂದು ಚಿಲ್ಲರೆ ಕೊಡಪ್ಪಾ!' ಅಂತ ಒಂದು ಕೂಗು. ಇಡೀ ಬಸ್ಸು ತಿರುಗಿತು. ನೋಟು ಕೈಯಿಂದ ಕೈಗೆ ದಾಟಿ ನನ್ನ ತನಕ ಬಂತು. ಥ್ಯಾಂಕ್ಸ್ ಅಂದೆ.

'ಬಾಯಿ ಇಲ್ವೇನಪ್ಪಾ ನಿಂಗೆ?' ಅಂದರು ಅಜ್ಜಿ.