ಅಡ್ವಾನ್ಸ್ ಯಾರ ದುಡ್ಡು?

"ಹೊಸಬ್ರು ಬರ್ಲಿ, ಅವ್ರ ಅಡ್ವಾನ್ಸ್ ಕೈಗೆ ಬಂದ್ಮೇಲೆ ನಿಮ್ದು ಕೊಟ್ಬಿಡ್ತೀನಿ." ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುತ್ತೇವೆ ಅಂದಾಗ ಓನರ್ ಬಾಯಿಂದ ಬರುವ ಮೊದಲ ಮಾತು ಬಹಳ ಸಲ ಇದೇ. ಹೇಳುವವರಲ್ಲಿ ಮೋಸದ ಉದ್ದೇಶ ಇರಬೇಕೆಂದೇನಿಲ್ಲ. ದುಡ್ಡು ಅವರ ಹತ್ತಿರ ಇರುವುದಿಲ್ಲ, ಅಷ್ಟೆ. ಮೇಲಿನ ಮಹಡಿಯ ಮೋಲ್ಡಿಂಗಿಗೋ ಮಗಳ ಮದುವೆಗೋ ಅದು ಎಂದೋ ಖರ್ಚಾಗಿರುತ್ತದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮಾಲೀಕರೊಬ್ಬರು ಇದೇ ಮಾತು ಹೇಳಿದರೆ, ಕಾನೂನು ಮುರಿದದ್ದನ್ನು ತಾವೇ ಒಪ್ಪಿಕೊಂಡಂತೆ. ಎರಡೂ ಕಡೆಯ ಬಾಡಿಗೆ ಪದ್ಧತಿಗಳಲ್ಲಿ ನೂರು ವ್ಯತ್ಯಾಸಗಳಿದ್ದರೂ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು: ಅಡ್ವಾನ್ಸ್ ಯಾರ ದುಡ್ಡು ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರವಿದೆ, ನಮ್ಮಲ್ಲಿ ಇಲ್ಲ.

ಬೆಂಗಳೂರಿಗೂ ಸ್ಟುಟ್‌ಗಾರ್ಟ್‌ಗೂ ನಂಟು ಹಳೆಯದು. ಆಡುಗೋಡಿಯಲ್ಲಿ ಮೈಕೋ ಅಂತಲೇ ಜನ ಕರೆಯುತ್ತಿದ್ದ ಬಾಷ್ ಕಂಪನಿಯ ಮೂಲ ಕಚೇರಿ ಇರುವುದು ಸ್ಟುಟ್‌ಗಾರ್ಟ್ ಪಕ್ಕದ ಗೆರ್ಲಿಂಗೆನ್‌ನಲ್ಲಿ. ಕಾರು ಮತ್ತು ಸಾಫ್ಟ್‌ವೇರ್ ಕೆಲಸಕ್ಕೆಂದು ಅಲ್ಲಿಗೆ ಬರುವ ಕನ್ನಡಿಗರಲ್ಲಿ ಅನೇಕರು ಏಕಕಾಲಕ್ಕೆ ಎರಡು ಪಾತ್ರ ವಹಿಸುತ್ತಾರೆ. ಜರ್ಮನಿಯಲ್ಲಿ ಬಾಡಿಗೆದಾರರು, ಬೆಂಗಳೂರಲ್ಲಿರುವ ಫ್ಲಾಟಿಗೆ ಓನರ್. ಅಲ್ಲಿ ತಮಗೆ ಸಿಕ್ಕ ನ್ಯಾಯವನ್ನು ಬೆಂಗಳೂರಿನ ತಮ್ಮ ಬಾಡಿಗೆದಾರರಿಗೂ ಕೊಡಬಹುದಾದವರು ಇವರೇ. ಹಾಗಾಗಿ ಈ ಬರಹ ಮುಖ್ಯವಾಗಿ ಅವರಿಗೆ.

ಜರ್ಮನಿಯ ಕೌಟ್ಸಿಯೋನ್, ಅಂದರೆ ಅಡ್ವಾನ್ಸ್, ಮೂರು ತಿಂಗಳ 'ಕಾಲ್ಟ್‌ಮೀಟೆ'ಯನ್ನು ಮೀರುವಂತಿಲ್ಲ. ಕಾಲ್ಟ್‌ಮೀಟೆ ಅಂದರೆ ಹೀಟರ್, ನೀರು, ಕಸ ಯಾವುದೂ ಸೇರದ ಬರೀ ಮನೆಯ ಬಾಡಿಗೆ. ಅದು 900 ಯೂರೋ ಇದ್ದರೆ ಅಡ್ವಾನ್ಸ್ ಹೆಚ್ಚೆಂದರೆ 2,700. ಅದನ್ನೂ ಮೂರು ಸಮ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ: ಮೊದಲ ಕಂತು ಬಾಡಿಗೆ ಶುರುವಾದಾಗ, ಉಳಿದೆರಡು ಮುಂದಿನ ಎರಡು ತಿಂಗಳ ಬಾಡಿಗೆಯ ಜೊತೆ. ಮಾಲೀಕರು ಈ ಹಣವನ್ನು ತಮ್ಮ ಸ್ವಂತ ಹಣದಲ್ಲಿ ಬೆರೆಸದೆ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಬಡ್ಡಿ ಬಾಡಿಗೆದಾರರಿಗೆ ಸೇರುತ್ತದೆ. ಮಾಲೀಕರು ದಿವಾಳಿಯಾದರೂ ಅವರಿಗೆ ಸಾಲ ಕೊಟ್ಟವರು ಇದಕ್ಕೆ ಕೈ ಹಾಕಬಾರದು ಅನ್ನುವುದು ಪ್ರತ್ಯೇಕ ಖಾತೆಯ ಉದ್ದೇಶ. ಆ ಖಾತೆಯ ಪುರಾವೆಯನ್ನು ಬರಹದಲ್ಲಿ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ನಮ್ಮ ಕಡೆಯ ಲೆಕ್ಕ. ಬಾಡಿಗೆ 30,000, ಹಳೆಯ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಅಂದರೆ 3 ಲಕ್ಷ. ಶೇ 7ರ ಬಡ್ಡಿ ಹಿಡಿದರೂ ವರ್ಷಕ್ಕೆ 21,000 ರೂಪಾಯಿ. ಮೂರು ವರ್ಷ ಇದ್ದು ಬಿಟ್ಟರೆ 63,000. ಹೊರಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರೆ ಇನ್ನೊಂದು 30,000. ಬಾಡಿಗೆದಾರರಿಗೆ ನಿಜವಾಗಿ ಬಿದ್ದ ಬಾಡಿಗೆ ಅಗ್ರಿಮೆಂಟಿನಲ್ಲಿ ಬರೆದದ್ದಕ್ಕಿಂತ ತಿಂಗಳಿಗೆ ಸುಮಾರು 2,600 ಹೆಚ್ಚು. ಈಗ ಐದಾರು ತಿಂಗಳ ಅಡ್ವಾನ್ಸಿಗೆ ಒಪ್ಪುವ ಓನರ್‌ಗಳೂ ಇದ್ದಾರೆ, ಆದರೆ ಆ ದುಡ್ಡು ಎಲ್ಲಿರುತ್ತದೆ ಅನ್ನುವ ಪ್ರಶ್ನೆ ಹಾಗೆಯೇ ಉಳಿದಿದೆ.

ಓನರ್‌ಗಳ ಪರವಾಗಿ ಹೇಳಬೇಕಾದ್ದನ್ನೂ ಹೇಳಬೇಕು. ಬಾಡಿಗೆದಾರರು ಬಾಡಿಗೆ ನಿಲ್ಲಿಸಿ, ಮನೆಯನ್ನೂ ಬಿಡದೆ ಕೂತರೆ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುತ್ತದೆ. ಹತ್ತು ತಿಂಗಳ ದುಡ್ಡು ಆ ಭಯಕ್ಕೆ ಹಾಕಿಕೊಂಡ ಬೇಲಿ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆಯಲ್ಲ ಅಂದರೆ, ಬೆಂಗಳೂರಿನಂಥ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳು ಅದರ ವ್ಯಾಪ್ತಿಯ ಹೊರಗೆ. ಇವತ್ತು ಆ ಬಾಡಿಗೆಗೆ ಸಂಸಾರ ಇಡುವ ಮನೆ ಎಲ್ಲಿ ಸಿಗುತ್ತದೆ? ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸ್ ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಾಗಿ ತಂದರೆ ಮಾತ್ರ ಬಲ. ನಮಗೆ ಉಳಿಯುವುದು 11 ತಿಂಗಳ ಅಗ್ರಿಮೆಂಟ್. ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಲೇಬೇಕು; ಆ ಖರ್ಚು, ಓಡಾಟ ತಪ್ಪಿಸಲು ಹುಟ್ಟಿದ್ದು ಈ 11.

ಅದಕ್ಕೇ ನಾನು ಹೊಸ ಕಾನೂನಿಗೆ ಕಾಯುವುದಕ್ಕಿಂತ ಇರುವ ಅಗ್ರಿಮೆಂಟಿನಲ್ಲೇ ಬರೆಯಬಹುದಾದ್ದರ ಕಡೆ ಗಮನ ಕೊಡಿ ಅನ್ನುವುದು. ಜರ್ಮನರಿಂದ ಮೊದಲು ತರಬೇಕಾದದ್ದು ಯೂಬರ್‌ಗಾಬೆಪ್ರೋಟೋಕೋಲ್, ಅಂದರೆ ಮನೆ ಹಸ್ತಾಂತರದ ದಾಖಲೆ. ಕಾನೂನು ಅದನ್ನು ಕಡ್ಡಾಯ ಮಾಡಿಲ್ಲ, ಆದರೂ ಅದಿಲ್ಲದೆ ಕೀಲಿಕೈ ಕೈ ಬದಲಾಗುವುದು ಅಪರೂಪ. ಎರಡೂ ಕಡೆಯವರು ಒಂದೊಂದು ಕೋಣೆಗೂ ಹೋಗಿ, ಗೋಡೆಯ ಕಲೆ, ನೆಲದ ಗೀರು, ಒಡೆದ ಟೈಲು, ಸರಿಯಾಗಿ ಮುಚ್ಚದ ಕಿಟಕಿ ಎಲ್ಲ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಕೀಲಿಕೈ ಎಷ್ಟು, ವಿದ್ಯುತ್, ನೀರು, ಗ್ಯಾಸ್ ಮೀಟರುಗಳ ಸಂಖ್ಯೆ ಮತ್ತು ಆ ದಿನದ ರೀಡಿಂಗ್ ಎಷ್ಟು, ಪ್ರತಿ ಹೀಟರಿನ ಮೇಲಿನ ಪುಟ್ಟ ಮಾಪಕ ಎಷ್ಟು ತೋರಿಸುತ್ತಿದೆ ಎಲ್ಲವೂ ಅದರಲ್ಲಿರುತ್ತದೆ. ಹೋಗುವ ದಿನ ಅದೇ ಹಾಳೆ ಹಿಡಿದು ಮತ್ತೆ ಸುತ್ತು.

ಬೆಂಗಳೂರಿನ ಮನೆಗೆ ಈ ಹಾಳೆ ಬೇರೆ ಥರ ಇರಬೇಕು. ಬೆಸ್ಕಾಂ ಮೀಟರಿನ ಆರ್‌ಆರ್ ನಂಬರ್, ರೀಡಿಂಗ್ ಮತ್ತು ಹಿಂದಿನವರ ಬಾಕಿ. ಗೀಸರ್, ಫ್ಯಾನ್, ಎಕ್ಸಾಸ್ಟ್ ಎಷ್ಟು, ಓಡುತ್ತಿವೆಯೇ. ಕಮೋಡಿನ ಫ್ಲಶ್ ನಿಲ್ಲುತ್ತದೆಯೇ ಅಥವಾ ಸೋರುತ್ತದೆಯೇ. ಮಳೆಗಾಲದಲ್ಲಿ ಒದ್ದೆಯಾಗುವ ಗೋಡೆ ಯಾವುದು. ಬೇಸಿಗೆಯಲ್ಲಿ ಮನೆ ನೋಡಿದವರು ತಪ್ಪದೆ ಮರೆಯುವುದು ಇದನ್ನೇ. ಸಂಪು ಎಷ್ಟು ಲೀಟರಿನದು, ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ, ಬೋರ್ ಇದೆಯೇ, ಇಲ್ಲದಾಗ ಟ್ಯಾಂಕರ್ ದುಡ್ಡು ಯಾರದು. 2024ರ ಬೇಸಿಗೆಯಲ್ಲಿ ನೀರಿಗೆ ಪರದಾಡಿದವರಿಗೆ ಆ ಕೊನೆಯ ಪ್ರಶ್ನೆಯ ಬೆಲೆ ಗೊತ್ತು. ಫೋಟೋ, ವಿಡಿಯೋ ತೆಗೆದು ಅದೇ ದಿನ ಎರಡೂ ಕಡೆಯವರ ವಾಟ್ಸಾಪಿನಲ್ಲಿ ಹಾಕಿಕೊಂಡರೆ ತಾರೀಖಿನ ಸಾಕ್ಷಿಯೂ ಆಯಿತು. ಇಷ್ಟಕ್ಕೆ ಮುಕ್ಕಾಲು ಗಂಟೆ ಸಾಕು.

ಪೇಂಟಿಂಗ್ ವಿಚಾರದಲ್ಲಂತೂ ಜರ್ಮನ್ ನಿಲುವು ನನಗೆ ಪೂರ್ತಿ ಸರಿ ಅನಿಸುತ್ತದೆ. ವಾಸ ಮಾಡಿದ ಮನೆ ಸವೆಯುತ್ತದೆ, ಆ ಸವೆತದ ಬೆಲೆ ಬಾಡಿಗೆಯಲ್ಲೇ ಸೇರಿದೆ ಅನ್ನುವುದು ಅವರ ಕಾನೂನಿನ ತಳಹದಿ. 'ಇಷ್ಟು ವರ್ಷಕ್ಕೊಮ್ಮೆ ಬಳಿಸಲೇಬೇಕು' ಎಂಬ ಗಡುವಿನ ಷರತ್ತುಗಳು ನಿಲ್ಲುವುದಿಲ್ಲ. ಸುಣ್ಣಬಣ್ಣ ಇಲ್ಲದೆ, ಪರಿಹಾರವನ್ನೂ ಕೊಡದೆ ಒಪ್ಪಿಸಿದ ಮನೆಗೆ ಬಾಡಿಗೆದಾರರಿಂದ ಬಣ್ಣ ಹೊಡೆಸುವಂತಿಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಹೇಳಿದೆ. ಆದರೆ ಬಿಳಿಯಾಗಿ ಕೊಟ್ಟ ಗೋಡೆಗೆ ಕಡು ಬಣ್ಣ ಬಳಿದು ಹಾಗೇ ಬಿಟ್ಟರೆ ಅದು ಸವೆತವಲ್ಲ, ನಷ್ಟ. ದೇವರ ಮೂಲೆಗೆ ಅರಿಸಿನ ಬಣ್ಣ ಹೊಡೆದವರು ಬಿಡುವ ಮುಂಚೆ ಬಿಳಿ ಬಳಿಯಬೇಕು.

ಜರ್ಮನಿಯಲ್ಲಿ ನಮ್ಮವರ ಅಡ್ವಾನ್ಸ್ ಕಡಿತವಾಗುವುದಕ್ಕೆ ಬಣ್ಣಕ್ಕಿಂತ ದೊಡ್ಡ ಕಾರಣ ಬೂಷ್ಟು. ನಮ್ಮ ಅಡುಗೆಯೇ ಆವಿಯದು: ಕುಕ್ಕರ್, ಇಡ್ಲಿ ಪಾತ್ರೆ, ಕುದಿಯುವ ಸಾರು. ಚಳಿಗಾಲದಲ್ಲಿ ಬಟ್ಟೆಯೂ ಒಳಗೇ ಒಣಗುತ್ತದೆ. ಆ ತೇವ ತುಂಬಿದ ಬೆಚ್ಚನೆ ಗಾಳಿ ಹೊರಗೋಡೆಯ ತಣ್ಣನೆ ಮೂಲೆಗೆ ತಾಗಿದಾಗ ನೀರಾಗಿ ಕೂರುತ್ತದೆ, ಅಲ್ಲಿ ಕಪ್ಪು ಬೂಷ್ಟು ಏಳುತ್ತದೆ. ಒಲೆಯ ಮೇಲಿನ ಹುಡ್ ಇದೆಯಲ್ಲ ಅನ್ನಬೇಡಿ. ಅಲ್ಲಿಯ ಬಾಡಿಗೆ ಮನೆಗಳ ಹುಡ್ ಎಷ್ಟೋ ಕಡೆ ಗಾಳಿಯನ್ನು ಹೊರಗೆ ಹಾಕುವುದಿಲ್ಲ, ಇದ್ದಿಲ ಫಿಲ್ಟರಿನಿಂದ ಸೋಸಿ ಮನೆಯೊಳಗೇ ಬಿಡುತ್ತದೆ. ಒಗ್ಗರಣೆಯ ವಾಸನೆ ತಗ್ಗುತ್ತದೆ, ಆವಿ ಇದ್ದಲ್ಲೇ ಇರುತ್ತದೆ. ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಗಾಳಿ ಆಡಿಸಬೇಕು. ಕಿಟಕಿಯನ್ನು ಇಡೀ ದಿನ ಓರೆಯಾಗಿ ಬಿಟ್ಟರೆ ಗಾಳಿ ಬದಲಾಗದೆ ಸುತ್ತಲಿನ ಗೋಡೆ ಮಾತ್ರ ತಣ್ಣಗಾಗಿ ಇನ್ನಷ್ಟು ಬೂಷ್ಟು. ಹೊರಗೋಡೆಗೂ ಬೀರುವಿಗೂ ನಡುವೆ ಐದರಿಂದ ಹತ್ತು ಸೆಂಟಿಮೀಟರ್ ಜಾಗ ಬಿಡಿ. ತೇವಮಾಪಕವೊಂದನ್ನು ತಂದಿಟ್ಟು ಶೇ 40ರಿಂದ 60ರ ನಡುವೆ ಇರುವಂತೆ ನೋಡಿಕೊಂಡರೆ ಮುಂದೆ 'ನೀವು ಗಾಳಿ ಆಡಿಸಲಿಲ್ಲ' ಎಂಬ ವಾದಕ್ಕೆ ಎದುರು ನಿಲ್ಲಬಹುದು. ಬೂಷ್ಟು ಗೋಡೆಯ ದೋಷದಿಂದಲೇ ಬಂದಿದ್ದರೆ ಮಾಲೀಕರಿಗೆ ಕೂಡಲೇ ಬರಹದಲ್ಲಿ ತಿಳಿಸಿ. ದೋಷ ಸರಿಯಾಗುವವರೆಗೆ ಬಾಡಿಗೆ ಕಡಿಮೆ ಕೊಡುವ ಹಕ್ಕಿದೆ. ಎಷ್ಟು ಕಡಿಮೆ ಅನ್ನುವುದನ್ನು ಮಾತ್ರ ಸ್ವಂತ ಲೆಕ್ಕದಲ್ಲಿ ನಿರ್ಧರಿಸಬೇಡಿ. ಅಂದಾಜು ತಪ್ಪಿದರೆ ಅದು ಬಾಡಿಗೆ ಬಾಕಿ, ಎರಡು ತಿಂಗಳ ಬಾಕಿ ಆದರೆ ತಕ್ಷಣ ಮನೆ ಬಿಡಿಸುವ ನೋಟಿಸ್ ಕೊಡಬಹುದು. ಊರಿನ ಮೀಟರ್‌ಫೆರೈನ್, ಅಂದರೆ ಬಾಡಿಗೆದಾರರ ಸಂಘ, ಸದಸ್ಯರಿಗೆ ಸಲಹೆ ಕೊಡುತ್ತದೆ. ಬಾಡಿಗೆ ಮನೆಗೆ ಹೋದ ವಾರವೇ ಸೇರಿಕೊಳ್ಳುವುದು ಒಳ್ಳೆಯದು.

ಮನೆ ಬಿಡುವ ಕ್ರಮದಲ್ಲಿ ನಮ್ಮವರು ಎಡವುವುದು ಒಂದೇ ಕಡೆ. ಬೆಂಗಳೂರಲ್ಲಿ ವಾಟ್ಸಾಪಿನಲ್ಲಿ ಹೇಳಿದರೂ ನಡೆಯುತ್ತದೆ, ಜರ್ಮನಿಯಲ್ಲಿ ಇಮೇಲೂ ನಡೆಯುವುದಿಲ್ಲ. ಕಾಗದದ ಮೇಲೆ ಶಾಯಿಯ ಸಹಿ ಬೇಕು. ಕರಾರಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಿದ್ದರೆ ಇಬ್ಬರದೂ ಸಹಿ. ತಿಂಗಳ ಮೂರನೇ ಕೆಲಸದ ದಿನದೊಳಗೆ ಆ ಪತ್ರ ಮಾಲೀಕರ ಕೈ ಸೇರಿದರೆ ಆ ತಿಂಗಳು ಮೂರು ತಿಂಗಳ ನೋಟಿಸ್ ಅವಧಿಯ ಲೆಕ್ಕಕ್ಕೆ ಬರುತ್ತದೆ, ಒಂದು ದಿನ ತಡವಾದರೆ ಇನ್ನೊಂದು ತಿಂಗಳ ಬಾಡಿಗೆ ಹೋಯಿತು. ಮಾಲೀಕರು ಬಿಡಿಸಬೇಕಾದರೆ ತಾವೋ ಮನೆಯವರೋ ವಾಸಕ್ಕೆ ಬರಬೇಕೆಂಬಂಥ ಒಪ್ಪುವ ಕಾರಣ ಬೇಕು. ಐದು ವರ್ಷ ಇದ್ದವರಿಗೆ ಆರು ತಿಂಗಳ, ಎಂಟು ವರ್ಷ ಇದ್ದವರಿಗೆ ಒಂಬತ್ತು ತಿಂಗಳ ನೋಟಿಸ್ ಕೊಡಬೇಕು.

ಇಷ್ಟೆಲ್ಲ ರಕ್ಷಣೆಯ ಇನ್ನೊಂದು ಮುಖವೂ ಇದೆ, ಅದನ್ನು ಹೇಳದೆ ಜರ್ಮನಿಯನ್ನು ಹೊಗಳಿದರೆ ತಪ್ಪಾಗುತ್ತದೆ. ಒಳಗಿರುವವರು ಹಳೆಯ ಬಾಡಿಗೆಯಲ್ಲಿ ಭದ್ರವಾಗಿರುವುದರಿಂದ ಯಾರೂ ಮನೆ ಬಿಡುವುದಿಲ್ಲ. ಹೊರಗೆ ನಿಂತ ಹೊಸಬರು ಮೂರು ತಿಂಗಳ ಸಂಬಳ ಚೀಟಿ, ಶೂಫಾ ಸಾಲಚರಿತ್ರೆ, ಸ್ವವಿವರದ ನಮೂನೆ ಎಲ್ಲ ಹಿಡಿದು ತಿಂಗಳುಗಟ್ಟಲೆ ಅಲೆಯುತ್ತಾರೆ. ಜನಾಂಗ ನೋಡಿ ಮನೆ ನಿರಾಕರಿಸುವುದನ್ನು 2006ರ ಸಮಾನತೆಯ ಕಾನೂನು ತಡೆದಿದ್ದರೂ ವಿದೇಶಿ ಹೆಸರಿನ ಅರ್ಜಿಗೆ ಉತ್ತರವೇ ಬಾರದಿದ್ದರೆ ರುಜುವಾತು ಮಾಡುವುದು ಹೇಗೆ? ನಮ್ಮಲ್ಲಿ 'ವೆಜ್ ಮಾತ್ರ', 'ಫ್ಯಾಮಿಲಿಗೆ ಮಾತ್ರ' ಅಂತ ಬೋರ್ಡಿನಲ್ಲೇ ಬರೆಯುತ್ತಾರೆ, ಜಾತಿಯನ್ನೂ ಬಾಗಿಲಲ್ಲೇ ಕೇಳುತ್ತಾರೆ. ಎರಡೂ ನೋಯಿಸುತ್ತವೆ. ಆದರೆ ಬೆಂಗಳೂರಲ್ಲಿ ಒಂದು ವಾರಾಂತ್ಯದಲ್ಲಿ ಮನೆ ಹುಡುಕಿ, ಮುಂದಿನ ವಾರ ಹಾಲುಕ್ಕಿಸಬಹುದು. ಅಡುಗೆ ಕಟ್ಟೆ, ಶೆಲ್ಫು, ಲೈಟು ಇರುವ ಮನೆ ಅದು. ಜರ್ಮನಿಯಲ್ಲಿ ಅಡುಗೆಮನೆಯೆಂದರೆ ಎಷ್ಟೋ ಸಲ ನಲ್ಲಿಯ ಪೈಪೂ ಗೋಡೆಯಿಂದ ಹೊರಬಂದ ವೈರೂ ಮಾತ್ರ. ಹೋಗುವವರ ಕಪಾಟು, ಒಲೆಗಳನ್ನು ಬರುವವರು ದುಡ್ಡು ಕೊಟ್ಟು ಕೊಳ್ಳಬೇಕು.

ಭೋಗ್ಯದ ಬಗ್ಗೆ ಒಂದು ಮಾತು, ಯಾಕೆಂದರೆ ಅಡ್ವಾನ್ಸಿನ ಅಪಾಯ ಅಲ್ಲಿ ಪೂರ್ತಿ ಬೆಳೆದು ನಿಲ್ಲುತ್ತದೆ. ತಿಂಗಳ ಬಾಡಿಗೆ ಇಲ್ಲ, ಹತ್ತಿಪ್ಪತ್ತು ಲಕ್ಷ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಇದ್ದು ವಾಪಸ್ ಪಡೆಯುವ ಪದ್ಧತಿ. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಕಂತು ನಿಂತರೆ ಹರಾಜಿನಲ್ಲಿ ಭೋಗ್ಯದವರು ಬೀದಿಗೆ. ಓನರಿಂದ ಬಾಡಿಗೆಗೆ ಪಡೆದು, ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು ದುಡ್ಡಿನೊಂದಿಗೆ ಮಾಯವಾಗುವ ಮಧ್ಯವರ್ತಿಗಳೂ ಇದ್ದಾರೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ, ಖಾತಾದಲ್ಲಿರುವ ಹೆಸರು ನೋಡಿ, ಆ ಹೆಸರಿನ ಬ್ಯಾಂಕ್ ಖಾತೆಗೇ ದುಡ್ಡು ಹಾಕಿ, ಕರಾರನ್ನು ರಿಜಿಸ್ಟರ್ ಮಾಡಿಸದೆ ಭೋಗ್ಯಕ್ಕೆ ಹೋಗಲೇಬಾರದು.

ಇನ್ನು ದೂರದಲ್ಲಿರುವ ಓನರ್‌ಗಳಿಗೆ. ಅನಿವಾಸಿ ಮಾಲೀಕರಿಗೆ ಬಾಡಿಗೆ ಕೊಡುವವರು, ಮೊತ್ತ ಎಷ್ಟೇ ಕಡಿಮೆ ಇರಲಿ, ಸಾಮಾನ್ಯವಾಗಿ ಶೇ 31.2ರಷ್ಟು ಟಿಡಿಎಸ್, ಅಂದರೆ ಕೊಡುವಾಗಲೇ ಮುರಿಯುವ ತೆರಿಗೆ, ಹಿಡಿಯಬೇಕು. ಅದಕ್ಕೆ ತೆರಿಗೆ ಮುರಿಯುವವರು ಪಡೆಯುವ ಟ್ಯಾನ್ ನಂಬರ್ ಬೇಕು, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬೇಕು. ಇದು ಬಾಡಿಗೆದಾರರಿಗೆ ಗೊತ್ತಿರುವುದಿಲ್ಲ, ನೋಟಿಸ್ ಬರುವುದು ಮಾತ್ರ ಅವರಿಗೆ. ಸುಮ್ಮನೆ ಅಪ್ಪನ ಖಾತೆಗೆ ಹಾಕಿಸಿಕೊಂಡು ಬಾಡಿಗೆದಾರರನ್ನು ಸಿಕ್ಕಿಸುವುದು ಅನ್ಯಾಯ. ಕಡಿಮೆ ದರದ ಸರ್ಟಿಫಿಕೇಟಿಗೆ ಆದಾಯ ತೆರಿಗೆ ಇಲಾಖೆಯಲ್ಲಿ ಅರ್ಜಿ ಹಾಕಿ, ಬಾಡಿಗೆಯನ್ನು ಎನ್‌ಆರ್‌ಒ ಖಾತೆಗೆ (ಅನಿವಾಸಿಗಳ ಭಾರತದ ಆದಾಯಕ್ಕಿರುವ ಬ್ಯಾಂಕ್ ಖಾತೆ) ತರಿಸಿಕೊಳ್ಳಿ, ರಿಟರ್ನ್ ಹಾಕುವ ಆಡಿಟರ್ ಖರ್ಚನ್ನು ನೀವೇ ಕೊಡಿ. ಸಹಿ ಹಾಕಲು ಊರಿನಲ್ಲಿರುವ ತಮ್ಮನಿಗೋ ಅತ್ತಿಗೆಗೋ ಅಧಿಕಾರಪತ್ರ ಕಳಿಸುವುದಾದರೆ ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ. ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ.

ಆಮೇಲೆ ಅಗ್ರಿಮೆಂಟಿಗೆ ಈ ನಾಲ್ಕು ಸಾಲು ಸೇರಿಸಿ. ಅಡ್ವಾನ್ಸ್ ಮೂರು ತಿಂಗಳದ್ದು, ಅದು ಇಂಥ ಬ್ಯಾಂಕಿನ ಇಂಥ ಠೇವಣಿಯಲ್ಲಿರುತ್ತದೆ, ತೆರಿಗೆ ಕಳೆದು ಉಳಿದ ಬಡ್ಡಿ ಬಾಡಿಗೆದಾರರದ್ದು. ಹಸ್ತಾಂತರದ ಹಾಳೆ ಈ ಕರಾರಿನ ಭಾಗ, ಅದರಲ್ಲಿಲ್ಲದ ಹಾನಿಗೆ ಮಾತ್ರ, ಬಿಲ್ ತೋರಿಸಿ ಕಡಿತ. ತಿಂಗಳ ಮೇಂಟೆನೆನ್ಸ್ ಬಾಡಿಗೆದಾರರದ್ದು; ಕಾರ್ಪಸ್ ಫಂಡ್ (ಅಪಾರ್ಟ್‌ಮೆಂಟಿನ ಮೂಲನಿಧಿ), ಕಟ್ಟಡದ ಪೇಂಟಿಂಗ್, ಲಿಫ್ಟ್ ಬದಲಾವಣೆ ಓನರದ್ದು. ಕೀಲಿಕೈ ಒಪ್ಪಿಸಿದ ದಿನವೇ ಅಡ್ವಾನ್ಸಿನ ಶೇ 90 ವಾಪಸ್, ವಿದ್ಯುತ್ ಮತ್ತು ನೀರಿನ ಕೊನೆಯ ಬಿಲ್ ಬಂದ ಏಳು ದಿನದೊಳಗೆ ಉಳಿದ ಶೇ 10.