ಏರು, ಜಲ್ಲಿ ಮತ್ತು ಅಂಡು

ಸೈಕಲ್ಲಲ್ಲಿ ಬೆಟ್ಟ ಹತ್ತೋಕೆ ತೊಡೇಲಿ ಬಲ ಬೇಕು ಅಂತ ಎಲ್ರೂ ಹೇಳ್ತಾರೆ. ನಂದಿ ಬೆಟ್ಟಕ್ಕೆ ಆ ಮಾತು ಸರಿ, 1,478 ಮೀಟರ್ ಎತ್ತರ ಇದ್ರೂ ಟಾರ್ ರೋಡು, ಗೇರ್ ಇಳಿಸ್ಕೊಂಡು ಬುಸ್ ಬುಸ್ ಅಂತ ತುಳೀತಾ ಇದ್ರೆ ಯಾವಾಗ್ಲೋ ಮೇಲೆ ಮುಟ್ತೀವಿ. ಚಿಕ್ಕಮಗಳೂರು ಕಡೆ ಕಾಫಿ ತೋಟದೊಳಗಿನ ಜೀಪ್ ದಾರಿ ಇದೆಯಲ್ಲ, ಕೆಂಪು ಮಣ್ಣು, ಅದ್ರ ಮೇಲೆ ಉರುಳೋ ಜಲ್ಲಿ, ನಡುವೆ ಮಳೆನೀರು ಕೊರೆದಿರೋ ಕಾಲುವೆ, ಅಲ್ಲಿ ಇಡೀ ವಿದ್ಯೆ ಇರೋದು ಅಂಡು ಎಲ್ಲಿಡ್ತೀರಿ ಅನ್ನೋದ್ರಲ್ಲಿ.

ಏರು 20 ಪರ್ಸೆಂಟ್ ಅಂದ್ರೆ ಕೋನದ ಲೆಕ್ಕದಲ್ಲಿ ಬರೀ 11 ಡಿಗ್ರಿ, ಸ್ಕೂಲಲ್ಲಿ ಇಂಥ ತ್ರಿಕೋನ ಬರೆದಿದ್ರೆ ಮೇಷ್ಟ್ರು ಮಲಗಿದೆ ಅಂತಿದ್ರು. ಆದ್ರೆ ಅದ್ರಲ್ಲಿ ಸೀಟಿನ ಹಿಂದಕ್ಕೆ ಕೂತ್ರೆ ಮುಂದಿನ ಚಕ್ರ ಎದ್ದು ಆಕಾಶ ನೋಡತ್ತೆ, ಸರಿ ಅಂತ ಎದ್ದು ನಿಂತು ತುಳಿದ್ರೆ ಹಿಂದಿನ ಚಕ್ರದ ಮೇಲೆ ಭಾರ ಇಲ್ದೆ ಅದು ನಿಂತಲ್ಲೇ ತಿರುಗಿ ಜಲ್ಲಿ ಎರಚತ್ತೆ. ಉಳಿದಿರೋದು ಸೀಟಿನ ಮೂತಿ. ಆ ಮೂತಿ ಮೇಲೆ ಕೂತು, ಮೊಣಕೈ ಇಳಿಸಿ, ಎದೆ ಹ್ಯಾಂಡಲ್ಲಿಗೆ ತಾಗೋ ಹಾಗೆ ಬಗ್ಗಬೇಕು. ಎಲ್ಲಿ ಚುಚ್ಚತ್ತೆ ಅಂತ ಬಿಡಿಸಿ ಹೇಳಲ್ಲ.

ಗೇರೇನೋ ಧಾರಾಳವಾಗೇ ಕೊಟ್ಟಿದಾರೆ, ಚೈನ್ ಕೂರೋ ಹಲ್ಲುಚಕ್ರಗಳಲ್ಲಿ ಮುಂದಿನದಕ್ಕೆ 32 ಹಲ್ಲು, ಹಿಂದಿನ ದೊಡ್ಡದಕ್ಕೆ 51. ಪೆಡಲ್ ಒಂದು ಸುತ್ತು ಬಂದ್ರೂ ಚಕ್ರ ಪೂರ್ತಿ ಸುತ್ತು ಬರಲ್ಲ, ಗಾಡಿ ಹೆಚ್ಚುಕಮ್ಮಿ ಒಂದೂವರೆ ಮೀಟರ್ ಮುಂದೆ ಹೋಗತ್ತೆ ಅಷ್ಟೆ. ತೋಟದ ನಾಯಿ ಬೊಗಳ್ತಾ ಅಟ್ಟಿಸ್ಕೊಂಡು ಬಂದಿದ್ದು ನನ್ನ ದಾಟಿ ಮುಂದೆ ಹೋಗಿ, ತಿರುಗಿ ನೋಡಿ, ಯಾರನ್ನ ಅಟ್ಟಿಸ್ತಿದ್ದೆ ಅನ್ನೋದೇ ಮರೆತು ಕೆರ್ಕೊಳ್ತಾ ಕೂತ್ಬಿಡ್ತು.

ಈ ಸ್ಪೀಡಲ್ಲಿ ಬೀಳೋದೂ ನಿಧಾನ. ಶೂ ಪೆಡಲಿಗೆ ಲಾಕ್ ಆಗಿರತ್ತೆ, ಹಿಮ್ಮಡಿ ಹೊರಗೆ ತಿರುಗಿಸಿದ್ರೆ ಬಿಡತ್ತೆ, ಅದು ಜ್ಞಾಪಕಕ್ಕೆ ಬರೋದು ಅರ್ಧ ವಾಲಿದ ಮೇಲೆ. ಕಡಿದ ಮರದ ಥರ ಪಕ್ಕದ ಕಾಫಿ ಗಿಡದೊಳಗೆ ಹೋಗಿ ಮಲಗಿದೆ. ಹಣ್ಣು ಕುಯ್ತಿದ್ದ ಅಜ್ಜಿ ಓಡಿ ಬಂದು, "ಅಯ್ಯೋ, ರೆಕ್ಕೆ ಮುರೀತಾ?" ಅಂದ್ರು. ಕೈ ಮುಟ್ಟಿ ನೋಡ್ಕೊಂಡು ಇಲ್ಲಜ್ಜಿ ಅಂದೆ. ತೋಟದವ್ರು ಕೊಂಬೆಗೆ ರೆಕ್ಕೆ ಅಂತಾರೆ, ಅವ್ರು ಕೇಳಿದ್ದು ಗಿಡದ್ದು.

ಬಿದ್ದಲ್ಲಿಂದ ಮತ್ತೆ ಹತ್ತೋದು ಇನ್ನೊಂದು ಪಾಡು. ಸೈಕಲ್ಲನ್ನ ದಾರಿಗೆ ಅಡ್ಡ ನಿಲ್ಲಿಸಿ, ಅಡ್ಡಕ್ಕೇ ತುಳಿದು, ವೇಗ ಸಿಕ್ಕ ತಕ್ಷಣ ಮೇಲಕ್ಕೆ ತಿರುಗಿಸ್ಬೇಕು, ದಾರಿ ಅಗಲ ಇದ್ದಿದ್ರೆ ಆಗ್ತಿತ್ತು. ತಳ್ಳೋಣ ಅಂದ್ರೆ ಶೂ ಅಡೀಲಿರೋ ಕಬ್ಬಿಣದ ತುಂಡು ಕಲ್ಲಿನ ಮೇಲೆ ಜರ್ರಂತ ಜಾರತ್ತೆ.

ಅಷ್ಟ್ರಲ್ಲಿ ತೋಟದ ಲೆಕ್ಕ ಬರೆಯೋ ರೈಟ್ರು ಜೀಪಲ್ಲಿ ಬಂದ್ರು.

"ಇದಕ್ಕೆ ಎಷ್ಟಾಯ್ತು ಮಾರಾಯ್ರೆ?"

ಹೇಳಿದೆ.

"ಆ ದುಡ್ಡಿಗೆ ಇಂಜಿನ್ ಇರೋದೇ ಬರ್ತಿತ್ತಲ್ಲ."

ಹತ್ತಿ ಅಂದ್ರು, ಮರ್ಯಾದೆಗೆ ಒಂದು ಸಲ ಬೇಡ ಅಂದು ಹತ್ತಿದೆ. ಸೈಕಲ್ ಹಿಂದೆ, ನಾನು ಮುಂದೆ ಅವರ ಪಕ್ಕ ಆರಾಮಾಗಿ. ಮೇಲಿನ ತಿರುವಲ್ಲಿ ಜೀಪಿನ ಹಿಂದಿನ ಚಕ್ರವೂ ಗಿರ್ರಂತ ಸುತ್ತೋಕೆ ಶುರು. ರೈಟ್ರು ಬ್ರೇಕ್ ಒತ್ತಿ ನನ್ನನ್ನ ಮೇಲಿಂದ ಕೆಳಗೆ ಒಂದ್ಸಲ ಅಳೆದು ಹೇಳಿದ್ರು:

"ಇಳಿದು ಹಿಂದೆ ಹೋಗಿ ಕೂತ್ಕೊಳಿ ಮಾರಾಯ್ರೆ, ಅಲ್ಲಿ ವೇಟ್ ಸಾಲ್ತಿಲ್ಲ."