ಆರ್‌ಸಿ ಅಂದರೆ ಏನು ಸರ್?

ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬ್ಯಾಶ್‌ಆರ್‌ಸಿ ಫೈಲ್, ಅಂದರೆ ಬ್ಯಾಶ್ ಶೆಲ್ ಶುರುವಾಗುವಾಗ ಓದಿ ನಡೆಸುವ ಕಮಾಂಡುಗಳ ಫೈಲ್, ತೆರೆದಿಟ್ಟುಕೊಂಡು, "ಸರ್, ಬ್ಯಾಶ್ ಗೊತ್ತಾಯ್ತು, ಈ ಆರ್‌ಸಿ ಅಂದ್ರೇನು?" ಅಂತ ಕೇಳಿದಳು. ಇಷ್ಟು ಖುಷಿ ಕೊಟ್ಟ ಪ್ರಶ್ನೆ ಈಚೆಗೆ ಯಾರೂ ಕೇಳಿರಲಿಲ್ಲ.

ಅದು 'ರನ್‌ಕಾಮ್' ಅನ್ನುವುದರ ಚಿಕ್ಕ ರೂಪ. 1960ರ ದಶಕದ ಶುರುವಿನಲ್ಲಿ ಫ್ರಾನ್ಸಿನ ಲೂಯಿ ಪುಜಾನ್ ಎಂಐಟಿಯಲ್ಲಿ, ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸುವ ಸಿಟಿಎಸ್‌ಎಸ್ ಸಿಸ್ಟಂಗೆ ಕಮಾಂಡುಗಳನ್ನು ಬರೆಯುತ್ತಿದ್ದರು. ಡಜನ್‌ಗಟ್ಟಲೆ ಬರೆದ ಮೇಲೆ, ಇವನ್ನೇ ಇಟ್ಟಿಗೆಯಂತೆ ಜೋಡಿಸಿ ಇನ್ನೊಂದು ಕಮಾಂಡು ಕಟ್ಟುವ ಹಾಗಿರಬೇಕು ಅನ್ನಿಸಿತು. ಫೈಲಿನಲ್ಲಿ ಬರೆದಿಟ್ಟ ಕಮಾಂಡುಗಳನ್ನು ಒಂದಾದ ಮೇಲೊಂದು ಓಡಿಸುವ ರನ್‌ಕಾಮ್ ಹುಟ್ಟಿದ್ದು ಹಾಗೆ. ಅದನ್ನೇ ಮಲ್ಟಿಕ್ಸ್ ಅನ್ನುವ ಮುಂದಿನ ಸಿಸ್ಟಂಗಾಗಿ ಬೆಳೆಸಿ, ನಾವು ಕೊಟ್ಟ ಕಮಾಂಡನ್ನು ಓದಿ ನಡೆಸುವ ಆ ಪ್ರೋಗ್ರಾಂಗೆ 'ಶೆಲ್' ಅಂತ ಹೆಸರಿಟ್ಟವರೂ ಅವರೇ. ಅವರು ಊರಿಗೆ ಮರಳಿದ ಮೇಲೆ ಅದನ್ನು ಬರೆದು ನಿಲ್ಲಿಸಿದ್ದು ಗ್ಲೆಂಡಾ ಶ್ರೋಡರ್, 1965ರಲ್ಲಿ. ಈ ಹೆಣ್ಣುಮಗಳ ಹೆಸರು ನಮ್ಮ ಎಷ್ಟು ಎಂಜಿನಿಯರುಗಳಿಗೆ ಗೊತ್ತು?

ನನ್ನ ಪ್ರಕಾರ ಇಲ್ಲಿ ದೊಡ್ಡ ಸಂಗತಿ ಒಂದೇ. ಶೆಲ್ ಸಿಸ್ಟಂನ ಗರ್ಭಗುಡಿಯಲ್ಲಿ ಕೂತಿಲ್ಲ. ಅದು ಹೊರಗಿರುವ ಮಾಮೂಲಿ ಪ್ರೋಗ್ರಾಂ. ಇಷ್ಟವಾಗದಿದ್ದರೆ ತೆಗೆದು ನಿನ್ನದನ್ನೇ ಬರೆದುಕೋ. 1971ರಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್ ಆಪರೇಟಿಂಗ್ ಸಿಸ್ಟಂಗೆ ಪುಟ್ಟ ಶೆಲ್ ಬರೆದರು. ಅದು ಸಾಲದೆ ಸ್ಟೀಫನ್ ಬೌರ್ನ್ ಇನ್ನೊಂದು ಬರೆದರು, 1979ರಲ್ಲಿ ಹೊರಬಂತು. ಬಿಲ್ ಜಾಯ್ ಸಿ ಶೆಲ್‌ನಲ್ಲಿ ಹಿಸ್ಟರಿ, ಅಂದರೆ ಹಿಂದೆ ಕೊಟ್ಟ ಕಮಾಂಡನ್ನು ಮತ್ತೆ ಕರೆಯುವ ಸೌಲಭ್ಯ, ತಂದರು. 1989ರಲ್ಲಿ ಬ್ರಯಾನ್ ಫಾಕ್ಸ್ ಬ್ಯಾಶ್ ಕೊಟ್ಟರು. ಯಾರೂ ಯಾರ ಅಪ್ಪಣೆಗೂ ಕಾಯಲಿಲ್ಲ.

ಇನ್ನು ಪೈಪ್, ಅಂದರೆ ಒಂದು ಪ್ರೋಗ್ರಾಂ ಕೊಟ್ಟದ್ದನ್ನು ಇನ್ನೊಂದಕ್ಕೆ ಹರಿಸುವ ನೆಟ್ಟನೆ ಗೀಟು (|). ತೋಟದ ನೀರಿನ ಪೈಪಿಗೆ ಇನ್ನೊಂದು ತುಂಡು ತಿರುಗಿಸಿ ಸೇರಿಸುವ ಹಾಗೆ ಪ್ರೋಗ್ರಾಂಗಳನ್ನು ಜೋಡಿಸಬೇಕು ಅಂತ ಡಗ್ ಮೆಕಿಲ್‌ರಾಯ್ 1964ರಲ್ಲೇ ಬರೆದಿಟ್ಟಿದ್ದರು. ಯುನಿಕ್ಸ್‌ಗೆ ಅದು ಬಂದದ್ದು 1973ರಲ್ಲಿ. ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಮಾಡಿ ಮುಗಿಸಿದರಂತೆ. ಮೊನ್ನೆ ರಾತ್ರಿ ಎರಡು ಗಂಟೆಗೆ ನಮ್ಮ ಸರ್ವರ್ ಏದುಸಿರು ಬಿಡುತ್ತಿದ್ದಾಗ ನನ್ನನ್ನು ಕಾಪಾಡಿದ್ದು ಆ ನೆಟ್ಟನೆ ಗೀಟೇ. ಯಾರು ಬಂದರು ಅಂತ ಸರ್ವರ್ ಬರೆದಿಡುವ ಲಾಗ್ ಫೈಲಿನಿಂದ, ಬಂದ ಕಂಪ್ಯೂಟರುಗಳ ಐಪಿ ವಿಳಾಸಗಳನ್ನಷ್ಟೇ ಕಟ್ ಮಾಡು, ಗೀಟು. ಸಾರ್ಟ್ ಮಾಡು, ಒಂದೇ ಥರದವು ಅಕ್ಕಪಕ್ಕ ಬರಲಿ, ಗೀಟು. ಯೂನಿಕ್ ಎಣಿಸಲಿ, ಗೀಟು. ಎಣಿಕೆಯ ಮೇಲೆ ಮತ್ತೆ ಸಾರ್ಟ್. ಒಂದೇ ವಿಳಾಸ ಲಕ್ಷಗಟ್ಟಲೆ ಸಲ ಬಾಗಿಲು ಬಡಿಯುತ್ತಿತ್ತು. ಈ ಪ್ರೋಗ್ರಾಂಗಳಲ್ಲಿ ಒಂದಕ್ಕೂ ಇನ್ನೊಂದರ ಗುರುತಿಲ್ಲ, ಆದರೂ ಕೈ ಜೋಡಿಸಿದವು.

ಇಂಥದ್ದನ್ನು ನಾವು ಲ್ಯಾಬ್ ರೆಕಾರ್ಡಿಗೆ ನಕಲು ಮಾಡಿ, ವೈವಾಗೆ ಉರುಹೊಡೆಸಿ ಮುಗಿಸುತ್ತೇವಲ್ಲ, ಅದು ನನಗೆ ನಿಜವಾಗಿ ನೋವು. ಯಾರು, ಯಾಕೆ ಮಾಡಿದರು ಅಂತ ಹೇಳಿದರೆ ಮಕ್ಕಳು ತಾವಾಗಿ ಕಲಿಯುತ್ತಾರೆ.

ಇವತ್ತು ಬೆಳಿಗ್ಗೆ ಅವಳೇ ಮತ್ತೆ ಬಂದಳು. "ಸರ್, ಶೆಲ್‌ನಲ್ಲಿ ಇಫ್ (if) ಮುಗಿಸೋಕೆ ಅದನ್ನೇ ತಿರುಗಿಸಿ ಫೈ (fi), ಕೇಸ್ (case) ಮುಗಿಸೋಕೆ ಎಸಾಕ್ (esac). ಡೂ (do) ಮುಗಿಸೋಕೆ ಮಾತ್ರ ಡನ್ (done) ಯಾಕೆ?" ಬೌರ್ನ್‌ಗೆ ಆಲ್ಗಾಲ್ ಭಾಷೆಯ ಮೇಲೆ ಪ್ರೀತಿ, ಆ ಉಲ್ಟಾ ಪದಗಳು ಅಲ್ಲಿಂದ ಬಂದವು. ಡೂ ತಿರುಗಿಸಿದರೆ 'ಓಡಿ' (od) ಆಗಬೇಕು. ಆದರೆ ಫೈಲಿನ ಒಳಗಿರುವುದನ್ನು ಆಕ್ಟಲ್ (ಎಂಟರ ಆಧಾರದ) ಅಂಕಿಗಳಲ್ಲಿ ತೋರಿಸುವ ಓಡಿ ಅನ್ನುವ ಕಮಾಂಡು ಯುನಿಕ್ಸ್‌ನಲ್ಲಿ ಆಗಲೇ ಇತ್ತು. ಹೇಳಿದೆ. ತಕ್ಷಣ ಟರ್ಮಿನಲ್ ತೆರೆದು ಓಡಿ ಅಂತ ಟೈಪ್ ಮಾಡಿ ನೋಡಿದಳು. ಇನ್ನೂ ಇದೆ.